ಶ್ರೀಗಂಧ ಮತ್ತು ಚಿಂಕಾರ: ಕೆಂಪು ಪಟ್ಟಿ ಒಂದು ಹೇಳುತ್ತದೆ, ಕಾನೂನು ಇನ್ನೊಂದು ಹೇಳುತ್ತದೆ, ಏಕೆ?

ಬೀಳಗಿ ಮೇಷ್ಟ್ರು
ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಮರ, ಒಂದು ಸಸ್ತನಿ ಆರಿಸಿಕೊಂಡು ಅವುಗಳ ವರ್ಗೀಕರಣವನ್ನೂ ಸಂರಕ್ಷಣೆಯ ಸ್ಥಿತಿಯನ್ನೂ ಹೋಲಿಸಿ ಬರೆಯಲು ಮಕ್ಕಳಿಗೆ ಹೇಳಿದ್ದೆ. ಹುಲಿ, ತೇಗ ಎಂದು ಪುಸ್ತಕ ನೋಡಿ ಬರೆಯುವುದು ಬೇಡ, ನಮ್ಮ ಸೀಮೆಯವೇ ಇರಲಿ ಎಂದು ಶ್ರೀಗಂಧ ಮತ್ತು ಬಯಲಿನ ಸಣ್ಣ ಹುಲ್ಲೆಯಾದ ಚಿಂಕಾರ ತೆಗೆದುಕೊಂಡೆವು. ಗಂಧದ ಗಿಡ ಈಗ ಎಷ್ಟೋ ಹೊಲಗಳ ಬದುವಿನಲ್ಲಿದೆ. ಚಿಂಕಾರಕ್ಕಂತೂ ಬೀಳಗಿ, ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿ ಧಾಮವೇ ಇದೆ.

ವರ್ಗೀಕರಣದ ಭಾಗ ಸಲೀಸಾಗಿ ಮುಗಿಯಿತು. ಸಂರಕ್ಷಣೆಗೆ ಬಂದಾಗ ಒಬ್ಬ ಹುಡುಗಿ ಎದ್ದು ಕೇಳಿದಳು: 'ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಗಂಧ ಅಪಾಯಕ್ಕೀಡಾಗಬಲ್ಲ ವರ್ಗದಲ್ಲಿದೆ, ಚಿಂಕಾರ ಕನಿಷ್ಠ ಕಾಳಜಿಯ ವರ್ಗದಲ್ಲಿದೆ. ಹಾಗಾದರೆ ಧಾಮ ಬೇಕಾದದ್ದು ಗಂಧಕ್ಕಲ್ಲವೇ? ಚಿಂಕಾರವನ್ನು ಕೊಂದರೆ ವನ್ಯಜೀವಿ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು. ಗಂಧ ಕಡಿದರೆ ಬೇರೆಯೇ ಕಾಯ್ದೆ. ಏಕೆ?' ನನ್ನ ಉತ್ತರ ಆಕೆಗೆ ಒಪ್ಪಿಗೆಯಾಗಲಿಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲೇಬೇಕು ಎಂದು ಇಲ್ಲಿ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ಮುಂಗಾರು ಶುರುವಾದಾಗ ಧಾಮದ ಅಂಚಿನ ಬೋಳು ಗುಡ್ಡದಲ್ಲಿ ಮಕ್ಕಳಿಂದ ಗಂಧದ ಬೀಜದುಂಡೆ (ಬೀಜ ಸೇರಿಸಿದ ಮಣ್ಣಿನ ಉಂಡೆ) ಹಾಕಿಸಬೇಕು ಎಂಬ ಆಲೋಚನೆ ನಮ್ಮ ಶಾಲೆಯ ಪರಿಸರ ಸಂಘಕ್ಕಿದೆ. ಮರಕ್ಕೂ ಆಯಿತು, ಪ್ರಾಣಿಗೂ ಆಯಿತು. ಅನುಭವ ಇದ್ದವರು ಹೇಳಿ.

ಕಪ್ಪುಮಣ್ಣು
ಬೀಜದುಂಡೆ ಖಂಡಿತ ಬೇಡ. ವಿವರವಾಗಿ ರಾತ್ರಿ ಬರೆಯುತ್ತೇನೆ. ಅದಕ್ಕೂ ಮೊದಲು ಒಂದು ಮಾತು: ಅದು 'ಬೋಳು ಗುಡ್ಡ' ಅಲ್ಲ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ
ವರ್ಗೀಕರಣದ ಭಾಗ ಸಲೀಸಾಗಿ ಮುಗಿಯಿತು ಎಂದಿರಿ ಸರ್. ಅಲ್ಲಿಯೇ ಅತ್ಯಂತ ಸ್ವಾರಸ್ಯದ ಸಂಗತಿಗಳಿವೆ, ಮಕ್ಕಳಿಗೆ ತಪ್ಪಿಸಬೇಡಿ.

ಶ್ರೀಗಂಧ ಎಂದರೆ ಸ್ಯಾಂಟಲಮ್ ಆಲ್ಬಮ್. ಕುಟುಂಬ ಸ್ಯಾಂಟಲೇಸಿ, ಗಣ ಸ್ಯಾಂಟಲೇಲ್ಸ್. ಮಾವಿನ ಮರದ ಕೊಂಬೆಯ ಮೇಲೆ ಬೆಳೆದು ಅದರ ರಸ ಹೀರುವ ಬದನಿಕೆ ಇದೆಯಲ್ಲ, ಅದೂ ಇದೇ ಗಣದ್ದು. ಬದನಿಕೆ ಕೊಂಬೆಯ ಮೇಲೆ ಕೂತು ಮಾಡುವ ಕೆಲಸವನ್ನು ಗಂಧ ಮಣ್ಣಿನೊಳಗೆ ಮಾಡುತ್ತದೆ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರು, ಲವಣಗಳನ್ನು ಪಡೆಯುತ್ತದೆ. ಎಲೆ ಹಸಿರಾಗಿರುವುದರಿಂದ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಅರೆ ಪರಾವಲಂಬಿ.

ಎಷ್ಟೋ ಜನ ರಕ್ತಚಂದನವೂ ಗಂಧದ ಒಂದು ಜಾತಿ ಎಂದುಕೊಂಡಿದ್ದಾರೆ. ಅದು ಟೆರೊಕಾರ್ಪಸ್ ಸ್ಯಾಂಟಲೈನಸ್, ದ್ವಿದಳ ಧಾನ್ಯಗಳ ಕುಟುಂಬ. ವಂಶಾವಳಿಯಲ್ಲಿ ರಕ್ತಚಂದನ ತೊಗರಿ, ಕಡಲೆಗೆ ಹತ್ತಿರ, ಶ್ರೀಗಂಧಕ್ಕೆ ದೂರ. ಕೆಂಪು ಪಟ್ಟಿಯಲ್ಲಿ ಅದು ಅಳಿವಿನಂಚಿನ ವರ್ಗದಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಇದೆ.

ಇಂಡಿಯ ರೈತ
ತೊಗರಿಯ ಮಾತು ಬಂದಿತಲ್ಲ, ಹೇಳುತ್ತೇನೆ. ನಾವು ಗಂಧದ ಸಸಿಯ ಬುಡದಲ್ಲಿ ತೊಗರಿಯನ್ನೇ ಹಾಕುತ್ತೇವೆ. ಮೊದಲ ವರ್ಷಗಳಲ್ಲಿ ಅದೇ ಆಸರೆ. ಆಮೇಲೆ ಹೊಂಗೆ, ಸರ್ವೆ, ನುಗ್ಗೆ ಮುಂತಾದ ಬಾಳಿಕೆಯ ಗಿಡ ಸಾಲಿನಲ್ಲಿ ಬೇಕು. ಗಂಧವನ್ನು ಒಂಟಿಯಾಗಿ ನೆಟ್ಟವರ ಸಸಿಗಳು ಹಳದಿಯಾಗಿ ಕುಗ್ಗಿದ್ದನ್ನು ನಮ್ಮ ಸುತ್ತಮುತ್ತ ಬೇಕಾದಷ್ಟು ನೋಡಿದ್ದೇನೆ. ನರ್ಸರಿಯಲ್ಲಿ ಸಸಿ ಮಾರುವವರು ಇದನ್ನು ಹೇಳುವುದೇ ಇಲ್ಲ. ಎಕರೆಗೆ ಇಷ್ಟು ಕೋಟಿ ಎಂದು ಮಾತ್ರ ಹೇಳುತ್ತಾರೆ.

ಹುಲ್ಲುಗಾವಲು
ಪ್ರಾಣಿಯ ಕಡೆಯಿಂದಲೂ ಬರೆಯುತ್ತೇನೆ. ಪತ್ರಿಕೆಗಳಲ್ಲಿ 'ಚಿಂಕಾರ ಜಿಂಕೆ' ಎಂದು ಬರೆಯುವುದನ್ನು ನೋಡಿ ಬೇಸರವಾಗುತ್ತದೆ. ಜಿಂಕೆ, ಕಡವೆಗಳದ್ದು ಸರ್ವಿಡೇ ಕುಟುಂಬ. ಅವುಗಳ ಗಂಡಿಗೆ ಕವಲೊಡೆದ ಕೊಂಬು ಇರುತ್ತದೆ, ಅದು ಉದುರಿ ಮತ್ತೆ ಬೆಳೆಯುತ್ತದೆ. ಚಿಂಕಾರ ಬೋವಿಡೇ ಕುಟುಂಬದ್ದು. ಕೊಂಬಿಗೆ ಕವಲಿಲ್ಲ, ಒಳಗೆ ಮೂಳೆಯ ತಿರುಳು, ಹೊರಗೆ ಕೋಡಿನ ಕವಚ, ಜೀವನಪೂರ್ತಿ ಉದುರುವುದಿಲ್ಲ. ಹೆಣ್ಣಿಗೂ ಕೊಂಬು ಇರುತ್ತದೆ, ಸಪೂರವಾಗಿ. ಆಕಳು, ಎಮ್ಮೆ, ಕುರಿ, ಆಡು ಎಲ್ಲವೂ ಇದೇ ಕುಟುಂಬ.

ಹೆಸರು ಗೆಜೆಲ್ಲಾ ಬೆನ್ನೆಟ್ಟಿ. 1831ರಲ್ಲಿ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದವನು ಬ್ರಿಟಿಷ್ ಸೇನೆಯ ಅಧಿಕಾರಿ ಸೈಕ್ಸ್. ಅವನು ನೋಡಿದ್ದು ರಾಜಸ್ಥಾನದ ಮರಳುಗಾಡಿನ ಪ್ರಾಣಿಯನ್ನಲ್ಲ, ದಖ್ಖನ್ ಪ್ರಸ್ಥಭೂಮಿಯದನ್ನು. ಈ ಪ್ರಭೇದಕ್ಕೆ ಹೆಸರು ಬಂದದ್ದೇ ನಮ್ಮ ಪ್ರಸ್ಥಭೂಮಿಯ ಹಿಂಡುಗಳಿಂದ. ಇದನ್ನು ಮಕ್ಕಳಿಗೆ ದಯವಿಟ್ಟು ಹೇಳಿ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ
ಮರಕ್ಕೂ ಪ್ರಾಣಿಗೂ ಹೆಸರಿಡುವ ನಿಯಮಗಳೇ ಬೇರೆ. ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುವುದು ಲಿನ್ನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಪ್ರಾಣಿಗಳದ್ದು 1758ರ ಗ್ರಂಥದಿಂದ. ಶ್ರೀಗಂಧದ ಹೆಸರು ಆ 1753ರ ಗ್ರಂಥದಲ್ಲೇ ಇದೆ. ಪ್ರಾಣಿಗಳಲ್ಲಿ ಕುಲದ ಹೆಸರನ್ನೇ ಪ್ರಭೇದಕ್ಕೂ ಇಡಬಹುದು. ಚಿಂಕಾರದ ನೆಂಟ, ಪಶ್ಚಿಮ ಏಷ್ಯಾದ ಬೆಟ್ಟದ ಗೆಜೆಲ್‌ನ ಹೆಸರು ಗೆಜೆಲ್ಲಾ ಗೆಜೆಲ್ಲಾ. ಸಸ್ಯಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಕುಟುಂಬದ ಹೆಸರಿನ ಕೊನೆಯೂ ಬೇರೆ: ಗಿಡಕ್ಕೆ 'ಏಸಿ', ಪ್ರಾಣಿಗೆ 'ಇಡೇ'. ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಇದನ್ನು ಹೇಳಿದರೆ ಒಂಬತ್ತನೇ ತರಗತಿಯ ಮಗು ಎಂದೂ ಮರೆಯುವುದಿಲ್ಲ.

ಗೋಳಗುಮ್ಮಟದ ನೆರಳು
ಇವೆರಡರ ಸಾಮ್ಯ ಎಲ್ಲಿ ಮುಗಿಯುತ್ತದೆ? ಎರಡೂ ಜೀವಿಗಳು ಎನ್ನುವಲ್ಲಿಗೇ ಮುಗಿಯಿತಲ್ಲವೇ?

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ
ಇಲ್ಲ. ಎರಡರ ಜೀವಕೋಶದಲ್ಲೂ ಸ್ಪಷ್ಟವಾದ ಕೋಶಕೇಂದ್ರವಿದೆ, ಇಬ್ಬರೂ ಯೂಕ್ಯಾರಿಯೋಟ್‌ಗಳು. ಅಲ್ಲಿಂದ ದಾರಿ ಬೇರೆಯಾಗಿ ನೂರು ಕೋಟಿ ವರ್ಷಗಳ ಮೇಲಾಗಿದೆ. ಒಂದು ಸಸ್ಯ ಸಾಮ್ರಾಜ್ಯ, ಇನ್ನೊಂದು ಪ್ರಾಣಿ ಸಾಮ್ರಾಜ್ಯ.

ನೇಸರಗಿ
ಎಲ್ಲ ಸರಿ, ಮೇಷ್ಟ್ರ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 'ಕನಿಷ್ಠ ಕಾಳಜಿ' ಎಂದಮೇಲೆ ಧಾಮ ಏಕೆ? ಸುಮಾರು 96 ಚದರ ಕಿಲೋಮೀಟರ್ ಜಾಗ ಅದು. ಸುತ್ತಲಿನ ಹಳ್ಳಿಯ ಜನರು ಸೌದೆ, ಮೇವಿಗೆ ಏನು ಮಾಡಬೇಕು?

ಹುಲ್ಲುಗಾವಲು
ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕೆಂಪು ಪಟ್ಟಿ ಇಡೀ ಜಗತ್ತಿನ ಲೆಕ್ಕ. ಒಂದು ಪ್ರಭೇದ ಭೂಮಿಯಿಂದಲೇ ಮರೆಯಾಗುವ ಸಂಭವ ಎಷ್ಟು ಎನ್ನುವುದನ್ನು ಮಾತ್ರ ಅದು ನೋಡುತ್ತದೆ. ಚಿಂಕಾರ ಇರಾನಿನಿಂದ ಭಾರತದವರೆಗೆ ಹರಡಿದೆ. ಭಾರತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇವೆ ಎಂಬುದು ಆ ಮೌಲ್ಯಮಾಪನಕ್ಕೆ ಆಧಾರವಾದ ಅಂದಾಜು. ಅದರಲ್ಲಿ ಬಹುಪಾಲು ಥಾರ್ ಮರುಭೂಮಿಯಲ್ಲಿ. ಅಲ್ಲಿ ಬಿಷ್ಣೋಯಿ ಸಮುದಾಯದವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ, ರಾಜಸ್ಥಾನದ ರಾಜ್ಯಪ್ರಾಣಿಯೂ ಅದೇ. ಥಾರ್‌ನಲ್ಲಿ ಅಷ್ಟಿರುವುದರಿಂದ ಇಡೀ ಪ್ರಭೇದಕ್ಕೆ 'ಕನಿಷ್ಠ ಕಾಳಜಿ' ಎಂಬ ಮುದ್ರೆ ಬಿತ್ತು. ಆ ಮುದ್ರೆ ಬಾಗಲಕೋಟೆಯ ಗುಡ್ಡದ ಮೇಲಿರುವ ಹಿಂಡಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕರ್ನಾಟಕ ಈ ಪ್ರಾಣಿಯ ವ್ಯಾಪ್ತಿಯ ದಕ್ಷಿಣದ ತುದಿ. ಇಲ್ಲಿನ ಹಿಂಡುಗಳು ಚಿಕ್ಕವು, ಒಂದಕ್ಕೊಂದು ಸಂಪರ್ಕವಿಲ್ಲದವು. ಸುತ್ತ ಕಬ್ಬು, ರಸ್ತೆ, ಕಲ್ಲುಗಣಿ. ಯಡಹಳ್ಳಿಯಲ್ಲಿ ಮರೆಯಾದರೆ ಜೋಧಪುರದಿಂದ ನಡೆದುಕೊಂಡು ಬಂದು ಸೇರಿಕೊಳ್ಳುವುದಿಲ್ಲ.

ಕಾನೂನು ನೋಡುವುದು ಬೇರೆಯದನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಮೊದಲ ಅನುಸೂಚಿಯಲ್ಲಿ ಚಿಂಕಾರ ಇದೆ. 2022ರ ತಿದ್ದುಪಡಿ ಅನುಸೂಚಿಗಳ ಸಂಖ್ಯೆಯನ್ನು ಆರರಿಂದ ನಾಲ್ಕಕ್ಕೆ ಇಳಿಸಿದ ಮೇಲೂ ಅದರ ಜಾಗ ಬದಲಾಗಲಿಲ್ಲ. ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಶಿಕ್ಷೆ. ಆ ಪಟ್ಟಿಗೆ ಸೇರಲು ಜಾಗತಿಕವಾಗಿ ಅಳಿವಿನಂಚಿಗೆ ಬರಬೇಕು ಎಂಬ ನಿಯಮವಿಲ್ಲ. ಕೃಷ್ಣಮೃಗವನ್ನೇ ನೋಡಿ: ಅದೂ ಕನಿಷ್ಠ ಕಾಳಜಿ, ಅದೂ ಮೊದಲ ಅನುಸೂಚಿ. ಬೇಟೆಯೇ ದೊಡ್ಡ ಕಂಟಕವಾಗಿದ್ದ ಪ್ರಾಣಿಗಳಿಗೆ ಕಾನೂನು ಬೇಟೆಯ ವಿರುದ್ಧ ಗೋಡೆ ಕಟ್ಟಿತು. ಆ ಗೋಡೆ ಇದ್ದುದರಿಂದಲೇ ಅವು ಇಂದು ಕನಿಷ್ಠ ಕಾಳಜಿಯಲ್ಲಿರುವುದು. ಸಂಖ್ಯೆ ಹೆಚ್ಚಾಯಿತು, ಗೋಡೆ ಕೆಡವೋಣ ಎನ್ನುವ ವಾದ ನನಗೆ ಸುತರಾಂ ಒಪ್ಪಿಗೆಯಿಲ್ಲ.

ನೇಸರಗಿ
ಗೋಡೆ ಕೆಡವಿ ಎಂದು ನಾನು ಹೇಳಲಿಲ್ಲ. ಮೇವಿನ ಪ್ರಶ್ನೆ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಕಪ್ಪುಮಣ್ಣು
ಈಗ ಬೀಜದುಂಡೆಯ ವಿಚಾರ.

ಕುರುಚಲು ಕಾಡು, ಕಲ್ಲುಗುಡ್ಡ, ಹುಲ್ಲು, ಅಲ್ಲೊಂದು ಇಲ್ಲೊಂದು ಬಾರಿಗಿಡ, ಜಾಲಿ. ಚಿಂಕಾರಕ್ಕೆ ಬೇಕಾದದ್ದು ಇದೇ. ದೂರದಿಂದ ಕಣ್ಣಿಗೆ ಶತ್ರು ಬೀಳಬೇಕು, ಓಡಲು ಬಯಲು ಬೇಕು. ಎಲೆ, ಹಣ್ಣು, ಇಬ್ಬನಿಯಿಂದಲೇ ನೀರು ಪಡೆದು ಎಷ್ಟೋ ದಿನ ಕೆರೆಯ ಮುಖ ನೋಡದೆ ಇರಬಲ್ಲ ಪ್ರಾಣಿ. ಇಂಥ ನೆಲವನ್ನು ಸರ್ಕಾರದ ದಾಖಲೆಗಳು 'ಪಾಳು ಭೂಮಿ' ಎಂದು ಬರೆದವು. ಪಾಳು ಎಂದ ಕೂಡಲೇ ಅದನ್ನು ಉದ್ಧಾರ ಮಾಡುವ ಹುಮ್ಮಸ್ಸು ಎಲ್ಲರಿಗೂ ಬಂದಿತು. ನೀಲಗಿರಿ ಹಾಕಿದರು, ಬಳ್ಳಾರಿ ಜಾಲಿ ಹಬ್ಬಿತು. ಹಸಿರು ಹೆಚ್ಚಾಗಿ ಕಾಣುತ್ತದೆ, ಹುಲ್ಲು ಸಾಯುತ್ತದೆ, ಬಯಲಿನ ಪ್ರಾಣಿಗೆ ಜಾಗ ಇಲ್ಲವಾಗುತ್ತದೆ. ಮಕ್ಕಳ ಮನಸ್ಸಿನಲ್ಲಿ 'ಮರ ನೆಟ್ಟರೆ ಪರಿಸರ ಉಳಿಯುತ್ತದೆ' ಎಂಬ ಒಂದೇ ಪಾಠ ಕೂರಿಸಿದ್ದರಿಂದ ಹುಲ್ಲುಗಾವಲುಗಳಿಗೆ ಆಗಿರುವ ಹಾನಿ ಸಣ್ಣದಲ್ಲ.

ಇನ್ನು ಗಂಧದ ಲೆಕ್ಕದಲ್ಲೂ ಇದು ವ್ಯರ್ಥ. ಆಸರೆಯ ಗಿಡ ಹತ್ತಿರ ಇಲ್ಲದ ಕಡೆ ಬಿದ್ದ ಬೀಜ ಮೊಳೆತರೂ ಉಳಿಯುವುದು ಕಷ್ಟ. ಆಡು, ಕುರಿ ಚಿಗುರು ಬಿಡುವುದಿಲ್ಲ. ಎಲ್ಲ ಗೆದ್ದು ದಪ್ಪವಾಯಿತು ಎನ್ನುವಷ್ಟರಲ್ಲಿ ಗರಗಸ ಹಿಡಿದವನು ಬರುತ್ತಾನೆ. ಅಂಥವನನ್ನು ಚಿಂಕಾರದ ಮನೆಗೆ ನೀವೇ ಕರೆದಂತೆ.

ಬೀಳಗಿ ಮೇಷ್ಟ್ರು
ನಿಮ್ಮ ಮಾತಿನ ತೂಕ ತಿಳಿಯಿತು. ಆದರೆ ಗಂಧ ನಮ್ಮ ಒಣ ಸೀಮೆಯದೇ ಮರ, ನೀಲಗಿರಿಯಂತೆ ಹೊರಗಿನದಲ್ಲ. ಹೊರಗಿನ ಗಿಡಕ್ಕೂ ನಮ್ಮ ಗಿಡಕ್ಕೂ ವ್ಯತ್ಯಾಸವೇ ಇಲ್ಲವೇ?

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ
ವ್ಯತ್ಯಾಸವಿದೆ. ಗಂಧವನ್ನು ಹಕ್ಕಿಗಳೇ ಬಿತ್ತುತ್ತವೆ. ಹಣ್ಣು ತಿಂದ ಕೋಗಿಲೆ, ಪಿಕಳಾರ ಎಲ್ಲಿ ಕೂತು ಬೀಜ ಉದುರಿಸುತ್ತವೆಯೋ ಅಲ್ಲಿ, ಅಂದರೆ ಪೊದೆ ಅಥವಾ ಬೇಲಿಯ ಸಾಲಿನಲ್ಲಿ ಸಸಿ ಏಳುತ್ತದೆ. ಆಸರೆಯ ಗಿಡವೂ ಅಲ್ಲಿಯೇ ಸಿಗುತ್ತದೆ. ಹೀಗೆ ತಾನಾಗಿ ಬಂದ ಗಂಧ ಗುಡ್ಡದಲ್ಲಿದ್ದರೆ ಇರಲಿ, ಕಾಪಾಡಲಿ. ಸಾಲುಸಾಲಾಗಿ ನೆಡುವುದು ಬೇರೆ ಸಂಗತಿ. ಅಂದಹಾಗೆ, ಗಂಧ ಭಾರತದ ಮೂಲದ್ದೋ, ಬಹು ಹಿಂದೆ ಇಂಡೊನೇಷ್ಯಾದ ತಿಮೋರ್ ಕಡೆಯಿಂದ ಬಂದದ್ದೋ ಎಂಬ ಚರ್ಚೆ ಸಸ್ಯವಿಜ್ಞಾನಿಗಳಲ್ಲಿ ಹಳೆಯದು.

ಗೋಳಗುಮ್ಮಟದ ನೆರಳು
ಗಂಧ ನಮ್ಮದಲ್ಲ ಎಂದರೆ ಕನ್ನಡಿಗರು ಒಪ್ಪುವುದಿಲ್ಲ! ನಮ್ಮ ನಾಡನ್ನೇ ಗಂಧದ ಗುಡಿ ಎನ್ನುತ್ತೇವೆ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ
ಬಂದದ್ದೇ ನಿಜವಾದರೂ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿ ಬೆಳೆದ ಮರ ನಮ್ಮದಲ್ಲದೆ ಇನ್ಯಾರದು?

ಇಂಡಿಯ ರೈತ
ಗಂಧದ ಕಷ್ಟ ಏನೆಂದು ನಮ್ಮನ್ನು ಕೇಳಿ. ಟಿಪ್ಪು ಸುಲ್ತಾನ್ 1792ರಲ್ಲಿ ಇದನ್ನು ರಾಜವೃಕ್ಷ ಎಂದು ಸಾರಿದ. ಆಮೇಲೆ ಮೈಸೂರು ಸಂಸ್ಥಾನ, ಆಮೇಲೆ ಸರ್ಕಾರ, ಎಲ್ಲರೂ ಅದೇ ದಾರಿ ಹಿಡಿದರು. ಹೊಲ ನನ್ನದು, ಮರ ಸರ್ಕಾರದ್ದು. ಬದುವಿನಲ್ಲಿ ಗಂಧದ ಸಸಿ ಕಂಡರೆ ರೈತ ಏನು ಮಾಡುತ್ತಿದ್ದ? ದೊಡ್ಡದಾಗುವ ಮುಂಚೆಯೇ ಕಿತ್ತು ಬಿಸಾಡುತ್ತಿದ್ದ. ಮರ ಕಳುವಾದರೆ ವಿಚಾರಣೆ ಎದುರಿಸಬೇಕಾದವನು ಅವನೇ ಆಗಿದ್ದ. ರಾಜ್ಯದ 1963ರ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಬಂದ ಮೇಲೆ ಮರದ ಒಡೆತನ ಜಮೀನಿನ ಮಾಲೀಕನಿಗೆ ಸಿಕ್ಕಿತು. ಜನ ನೆಡಲು ಶುರು ಮಾಡಿದ್ದೇ ಅಲ್ಲಿಂದ.

ಅಂದರೆ ಈ ಮರವನ್ನು ರಕ್ಷಿಸುತ್ತೇವೆ ಎಂದು ಮಾಡಿದ ಕಾನೂನೇ ಇನ್ನೂರು ವರ್ಷ ಅದನ್ನು ಹೊಲಗಳಿಂದ ಓಡಿಸಿತು. ಚಿಂಕಾರದ ಕಾನೂನಿನ ಹಾಗಲ್ಲ ಇದು.

ಕೃಷ್ಣಾ ತೀರ
ಮೇಲಿನವರ ಮಾತು ಅಕ್ಷರಶಃ ಸತ್ಯ. ನಮ್ಮ ತಂದೆ ಜಮಖಂಡಿ ಕಡೆ ಹೊಲದಲ್ಲಿ ಗಂಧ ಬೆಳೆಸಿದ್ದರು. ಒಂದು ಅಮಾವಾಸ್ಯೆಯ ರಾತ್ರಿ ಕಳ್ಳರು ಎಲ್ಲ ಮರಗಳಿಗೂ ತೂತು ಕೊರೆದು ಚೇಗು, ಅಂದರೆ ಸುವಾಸನೆಯ ಒಳತಿರುಳು ಬಂದಿದೆಯೇ ಎಂದು ನೋಡಿ, ಬಂದವನ್ನು ಕೊಯ್ದುಕೊಂಡು ಹೋದರು. ಚೇಗು ಬಾರದ ಮರಗಳೂ ಆ ತೂತಿನಿಂದ ಕೊಳೆತವು. ದೂರು ಕೊಡಲು ಹೋದರೆ ಮರಗಳನ್ನು ಪಹಣಿಯಲ್ಲಿ ದಾಖಲಿಸಿದ್ದೀರಾ ಎಂದು ಒಬ್ಬರು, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಇನ್ನೊಬ್ಬರು. ಅಪ್ಪ ಆ ಹೊಲದ ಕಡೆ ಬಹಳ ದಿನ ಹೋಗಲಿಲ್ಲ. ಬೆಳೆಯುವ ಎಲ್ಲರಿಗೂ ಹೇಳುತ್ತೇನೆ: ಪಹಣಿಯಲ್ಲಿ ಮರಗಳ ಸಂಖ್ಯೆ ಬರೆಸಿಕೊಳ್ಳಿ, ಸಸಿ ಇದ್ದಾಗಲೇ.

ಇಂಡಿಯ ರೈತ
ಚೇಗಿನ ಆಸೆಯೇ ಮರದ ಶತ್ರು. ಹತ್ತು ವರ್ಷಕ್ಕೆ ಚೇಗು ಕಟ್ಟಲು ಶುರು, ಚೆನ್ನಾಗಿ ಬಲಿಯಲು ಇನ್ನೂ ಎಷ್ಟೋ ವರ್ಷ ಬೇಕು. ಕಳ್ಳ ಅಷ್ಟು ದಿನ ಕಾಯುವುದಿಲ್ಲ. ಬೇರನ್ನೂ ಬಿಡುವುದಿಲ್ಲ, ಎಣ್ಣೆ ಹೆಚ್ಚಾಗಿರುವುದೇ ಅಲ್ಲಿ.

ಹುಲ್ಲುಗಾವಲು
ಆ ಹುಡುಗಿಗೆ ಹೇಳಬೇಕಾದ ಉತ್ತರ ಈ ಎರಡು ಬರಹಗಳಲ್ಲೇ ಇದೆ ಮೇಷ್ಟ್ರೇ. ಕಾಡಿನ ಗಂಧ ಕಡಿಮೆಯಾದದ್ದು ವಾಸಸ್ಥಾನ ಇಲ್ಲದ್ದಕ್ಕಿಂತ ಹೆಚ್ಚಾಗಿ ಬೆಲೆ ಇದ್ದುದಕ್ಕೆ. ಅದರ ಜೊತೆಗೆ ಬೆಂಕಿ, ಜಾನುವಾರು ಮೇಯುವುದು ಮತ್ತು ಸ್ಪೈಕ್ ರೋಗ. ಎಲೆ ಚಿಕ್ಕದಾಗಿ ಮುಳ್ಳಿನಂತೆ ಗುಂಪುಗೂಡುವ ಆ ರೋಗ 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾಯಿತು. ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಹರಡುವುದು ಕೀಟಗಳು, ಇಂದಿಗೂ ಖಚಿತ ಮದ್ದಿಲ್ಲ. ಚಿಂಕಾರಕ್ಕೆ ಇಂಥ ಬೆಲೆ ಇಲ್ಲ. ಅದಕ್ಕೆ ಬಯಲು ಬೇಕು ಅಷ್ಟೇ. ಆದ್ದರಿಂದ ಬಯಲಿಗೆ ಗಡಿ ಹಾಕಿ ಧಾಮ ಮಾಡಿದರೆ ಚಿಂಕಾರ ಉಳಿಯುತ್ತದೆ. ಗಂಧಕ್ಕೆ ಗಡಿ ಹಾಕಿದರೆ ಆ ಗಡಿಯೊಳಗೆ ಗಂಧವಿದೆ ಎಂದು ಕಳ್ಳನಿಗೆ ಗುರುತು ತೋರಿಸಿದಂತೆ ಆಗುತ್ತದೆ.

ಖಾನಾಪುರದ ಕಾಡು
ಹುಲ್ಲುಗಾವಲು ಅವರೇ, ಕೊನೆಯ ಮಾತನ್ನು ಒಪ್ಪುವುದಿಲ್ಲ. ಕೇರಳದ ಮರಯೂರಿನಲ್ಲಿ ಕಾಡಿನ ಗಂಧವನ್ನು ಬೇಲಿ, ಕಾವಲು ಹಾಕಿಯೇ ಉಳಿಸಿಕೊಂಡಿದ್ದಾರೆ. ಗಡಿ ಕೆಲಸ ಮಾಡುವುದಿಲ್ಲ ಎನ್ನಬೇಡಿ. ಗಡಿಗೆ ಹಗಲು ರಾತ್ರಿ ಕಾಯುವ ಜನ ಬೇಕು ಎನ್ನಿ. ನಮ್ಮಲ್ಲಿ ಒಬ್ಬ ಗಸ್ತು ಸಿಬ್ಬಂದಿಗೆ ಎಷ್ಟು ಹಳ್ಳಿ, ಎಷ್ಟು ಗುಡ್ಡ ಎಂಬುದು ನಿಮಗೂ ಗೊತ್ತು.

ಇನ್ನೊಂದು ಮುಖ್ಯ ಸಂಗತಿಯನ್ನು ಯಾರೂ ಹೇಳಲಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ 'ವನ್ಯಜೀವಿ' ಎಂಬುದರ ವ್ಯಾಖ್ಯೆಯೊಳಗೆ ವಾಸಸ್ಥಾನದ ಭಾಗವಾದ ಸಸ್ಯಗಳೂ ಬರುತ್ತವೆ. ಧಾಮದೊಳಗಿನ ಯಾವ ಗಿಡವನ್ನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. ಅಂದರೆ ಯಡಹಳ್ಳಿಯ ಗಡಿಯೊಳಗೆ ತಾನಾಗಿ ಬೆಳೆದ ಒಂದು ಗಂಧದ ಮರಕ್ಕೆ ಚಿಂಕಾರದ ಹೆಸರಿನಲ್ಲೇ ರಕ್ಷಣೆ ಸಿಗುತ್ತದೆ. ಹೊರಗೆ ಅದೇ ಮರಕ್ಕೆ ಅರಣ್ಯ ಕಾಯ್ದೆ ಮಾತ್ರ. ಹಾಗಾಗಿ 'ಗಂಧಕ್ಕೆ ಧಾಮ ಏಕಿಲ್ಲ' ಎಂದು ಕೇಳಿದ ಹುಡುಗಿಗೆ, ಚಿಂಕಾರದ ಧಾಮದಲ್ಲಿ ಅದಕ್ಕೂ ಪಾಲಿದೆ ಎಂದು ಹೇಳಬಹುದು.

ಬೀಳಗಿ ಮೇಷ್ಟ್ರು
ಇದು ಹೊಸ ವಿಷಯ! ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಅನುಸೂಚಿಯಲ್ಲಿ ಸಸ್ಯಗಳಿಗೆ ಜಾಗವೇ ಇಲ್ಲ ಎಂದುಕೊಂಡಿದ್ದವರು ನಮ್ಮ ಶಾಲೆಯಲ್ಲಿ ಹಲವರಿದ್ದಾರೆ.

ಖಾನಾಪುರದ ಕಾಡು
ಇದೆ. 1991ರ ತಿದ್ದುಪಡಿಯಲ್ಲಿ ಸಸ್ಯಗಳಿಗೂ ಅನುಸೂಚಿ ಬಂದಿತು. ಆಗ ಅದರಲ್ಲಿ ಇದ್ದದ್ದು ಹೂಜಿಗಿಡ, ನೀಲಿ ವಾಂಡಾ, ಬೆಡ್ಡೋಮ್ ಸೈಕಾಡ್ ಸೇರಿ ಆರೇ ಹೆಸರು. ಗಂಧ ಇರಲಿಲ್ಲ.

ಬೆಳಗಾವಿ ಜಿಲ್ಲೆಯ ಒಂದು ಸಸ್ತನಿಯನ್ನೂ ಮಕ್ಕಳ ಹೋಲಿಕೆಗೆ ಸೇರಿಸಿ ಎಂದು ಬೇಡಿಕೊಳ್ಳುತ್ತೇನೆ. ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ಸ್ ಬಾವಲಿ, ಓಟೊಮಾಪ್ಸ್ ರಾಟನಿ. 1913ರಲ್ಲಿ ಈ ಗುಹೆಯ ಬಾವಲಿಗಳನ್ನು ನೋಡಿಯೇ ಹೊಸ ಪ್ರಭೇದ ಎಂದು ಹೆಸರಿಟ್ಟರು. ಬಹುಕಾಲ ಜಗತ್ತಿನಲ್ಲಿ ಇದೊಂದೇ ನೆಲೆ ಎಂದು ಭಾವಿಸಲಾಗಿತ್ತು, ಕೆಂಪು ಪಟ್ಟಿಯಲ್ಲೂ ತೀವ್ರ ಅಪಾಯದ ವರ್ಗದಲ್ಲಿತ್ತು. ಆಮೇಲೆ ಕಾಂಬೋಡಿಯಾ, ಮೇಘಾಲಯಗಳಲ್ಲಿ ಕಂಡುಬಂದಾಗ 'ಮಾಹಿತಿ ಸಾಲದು' ಎಂಬ ವರ್ಗಕ್ಕೆ ಬದಲಾಯಿಸಿದರು. ನಮ್ಮ ಕಾನೂನಿನ ಮೊದಲ ಅನುಸೂಚಿಗೆ ಸೇರಿಸಲಾದ ಬೆರಳೆಣಿಕೆಯ ಬಾವಲಿಗಳಲ್ಲಿ ಇದೂ ಒಂದು. 2011ರಲ್ಲಿ ಭೀಮಗಡ ವನ್ಯಜೀವಿ ಧಾಮ ಘೋಷಣೆಯಾದಾಗ ಈ ಗುಹೆಗಳ ಹೆಸರು ಮುಂದಿತ್ತು. ಕೆಂಪು ಪಟ್ಟಿಯ ವರ್ಗ ಬದಲಾಯಿತು, ಗುಹೆಯೊಳಗಿನ ಬಾವಲಿಯ ಬದುಕು ಬದಲಾಗಲಿಲ್ಲ. ಆ ಪಟ್ಟಿಯನ್ನು ಓದುವುದು ಹೇಗೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಉತ್ತರ ಕರ್ನಾಟಕದಲ್ಲಿ ಇಲ್ಲ.

ನೇಸರಗಿ
ಭೀಮಗಡದ ಮಾತು ಬಂದರೆ ಮಹದಾಯಿಯ ನೀರಿನ ಮಾತೂ ಬರುತ್ತದೆ.

ಖಾನಾಪುರದ ಕಾಡು
ಬರಲಿ, ಬೇರೆ ಚರ್ಚೆಯಲ್ಲಿ. ಇಲ್ಲಿ ಶುರು ಮಾಡಿದರೆ ಮೇಷ್ಟ್ರ ಮಕ್ಕಳು ಹತ್ತನೇ ತರಗತಿ ಮುಗಿಸುತ್ತಾರೆ.

ಮುಧೋಳದ ಮಣ್ಣು
ಧಾಮದ ಸುತ್ತ ಚಿಂಕಾರಕ್ಕೆ ಇರುವ ದೊಡ್ಡ ಕಾಟ ನಾಯಿ. ತಾಯಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ನಾಯಿಗಳ ಹಿಂಡು ಮೂಸಿಕೊಂಡು ಬಂದು ಮರಿಯನ್ನು ಹಿಡಿಯುತ್ತದೆ. ಕಾನೂನಿನ ಏಳು ವರ್ಷದ ಶಿಕ್ಷೆ ನಾಯಿಗೆ ಅನ್ವಯವಾಗುವುದಿಲ್ಲವಲ್ಲ.

ಘೋರ್ಪಡೆ ಕಾಲದ ಕಥೆ
ನಾಯಿ ಎಂದ ಕೂಡಲೇ ಎಲ್ಲರೂ ಮುಧೋಳ ನಾಯಿಯ ಕಡೆ ಬೆರಳು ತೋರಿಸುತ್ತಾರೆ. ಬೇಟೆಗೆಂದು ಬೆಳೆಸಿದ ತಳಿ ನಿಜ. ಆದರೆ ಸಾಕಿದವರ ಮನೆಯಲ್ಲಿ ಅದು ಮಗುವಿನಂತೆ ಇರುತ್ತದೆ, ಬೀದಿಯಲ್ಲಿ ಅಲೆಯುವುದಿಲ್ಲ. 2005ರಲ್ಲಿ ಅಂಚೆ ಚೀಟಿಯೂ ಬಂದಿದೆ. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ, ಭಾರತೀಯ ಸೇನೆಯೂ ಈ ತಳಿಯನ್ನು ತೆಗೆದುಕೊಂಡಿದೆ. ಇದನ್ನೂ ಸಂರಕ್ಷಣೆಯ ಪಟ್ಟಿಯಲ್ಲಿ ಸೇರಿಸಿ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ
ತಳಿ ಎಂಬುದು ಪ್ರಭೇದವಲ್ಲ. ಮುಧೋಳ ನಾಯಿಯೂ ಬೀದಿನಾಯಿಯೂ ಒಂದೇ ಪ್ರಭೇದ. ಕೆಂಪು ಪಟ್ಟಿ ಸಾಕುಪ್ರಾಣಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ತಳಿಯ ಸಂರಕ್ಷಣೆ ಅಗತ್ಯ, ದಾರಿ ಬೇರೆ. ಗಂಧಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೊಲದಲ್ಲಿ, ಆಸ್ಟ್ರೇಲಿಯಾದ ತೋಟಗಳಲ್ಲಿ ಲಕ್ಷಾಂತರ ಶ್ರೀಗಂಧದ ಮರಗಳಿವೆ. ಆದರೂ ಅದು ಅಪಾಯಕ್ಕೀಡಾಗಬಲ್ಲ ವರ್ಗದಲ್ಲಿರುವುದು ಏಕೆಂದರೆ ಲೆಕ್ಕ ಹಾಕುವುದು ಕಾಡಿನಲ್ಲಿ ತಾನಾಗಿ ಬೆಳೆದ ಮರಗಳನ್ನು. ಒಬ್ಬ ನೆಟ್ಟ ಸಾವಿರ ಸಸಿಗಳು ಒಂದೆರಡು ಮರಗಳ ಬೀಜದಿಂದಲೇ ಬಂದಿರಬಹುದು. ಕಾಡಿನ ಮರಗಳಲ್ಲಿರುವ ವೈವಿಧ್ಯ, ರೋಗ ತಡೆಯುವ ಗುಣ ಹೋದರೆ ತೋಟಗಳಿಂದ ಅದನ್ನು ಮರಳಿ ಪಡೆಯಲಾಗದು.

ಇಂಡಿಯ ರೈತ
ಹಾಗಾದರೆ ನಾವು ಹೊಲದಲ್ಲಿ ಬೆಳೆಯುವುದರಿಂದ ಕಾಡಿನ ಗಂಧಕ್ಕೆ ಏನೂ ಪ್ರಯೋಜನವಿಲ್ಲವೇ? ಇದನ್ನು ಕೇಳಿ ನೋವಾಯಿತು.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ
ಖಂಡಿತ ಇದೆ ಅಣ್ಣ. ಹೊಲದ ಗಂಧ ಕಾನೂನುಬದ್ಧವಾಗಿ ಮಾರುಕಟ್ಟೆಗೆ ಧಾರಾಳವಾಗಿ ಬಂದರೆ ಕಾಡಿನ ಕಳ್ಳಮಾಲಿನ ಬೇಡಿಕೆ ತಗ್ಗುತ್ತದೆ. ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆಯವರು ವರ್ಷಗಳಿಂದ ಗಂಧದ ಮೇಲೆ ಕೆಲಸ ಮಾಡುತ್ತಿದ್ದಾರೆ, ಸಸಿಯ ಗುಣಮಟ್ಟ, ಆಸರೆ ಗಿಡಗಳ ವಿಷಯದಲ್ಲಿ ಅವರನ್ನು ಕೇಳಬಹುದು.

ಹಟ್ಟಿಯವನು
ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮದು ಕುರಿ ಕಾಯುವ ಮನೆ. ಚಿಂಕಾರವನ್ನು ನಾವು ದಿನವೂ ನೋಡುತ್ತೇವೆ. ಅಪಾಯ ಕಂಡರೆ ಮುಂಗಾಲು ನೆಲಕ್ಕೆ ಬಡಿದು ಸೀನಿದ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ತೋಳ ಹತ್ತಿರ ಇದೆ ಎಂದು ನಾವೂ ಎಚ್ಚರವಾಗುತ್ತೇವೆ. ನೇಸರಗಿಯವರು ಎರಡು ಸಲ ಕೇಳಿದ ಮೇವಿನ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರಿಸಲಿಲ್ಲ. ಧಾಮ ಆದ ಮೇಲೆ ನಮ್ಮ ದಾರಿಗಳು ಕಡಿಮೆಯಾದವು. ಕುರಿ ಮೇಯಿಸಿದರೆ ಹುಲ್ಲು ಹಾಳು ಎನ್ನುತ್ತಾರೆ. ಕುರಿ, ಚಿಂಕಾರ, ತೋಳ ಮೂರೂ ಈ ಗುಡ್ಡದಲ್ಲಿ ನಮ್ಮ ಅಜ್ಜನ ಅಜ್ಜನ ಕಾಲದಿಂದ ಇವೆ. ಬಯಲನ್ನು ಬಯಲಾಗಿ ಉಳಿಸಿದವರಲ್ಲಿ ನಾವೂ ಇದ್ದೇವೆ. ಅದನ್ನು ಪಾಳು ಎಂದು ಕರೆದವರು ನಾವಲ್ಲ.

ಕಪ್ಪುಮಣ್ಣು
ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅರಣ್ಯ ಇಲಾಖೆಯ ಸಭೆಗಳಲ್ಲಿ ಕುರಿಗಾಹಿಗಳು ಕೂರಬೇ‌ಕು. ಗುಡ್ಡದಲ್ಲಿ ಎಲ್ಲಿ ಮರಿ ಹಾಕುತ್ತವೆ, ಯಾವ ತಿಂಗಳು ಎಲ್ಲಿರುತ್ತವೆ ಎಂದು ನಿಮ್ಮಷ್ಟು ಬಲ್ಲವರು ಯಾರು? ಆ ತಿಂಗಳು ಆ ಜಾಗ ಬಿಟ್ಟು ಉಳಿದ ಕಡೆ ಮೇಯಿಸುವ ಒಪ್ಪಂದ ಸಾಧ್ಯ.

ಹುಲ್ಲುಗಾವಲು
ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಿಂದಿನ ಕಾಲದ ಕುರಿಗಳ ಸಂಖ್ಯೆ, ಬಯಲಿನ ವಿಸ್ತಾರ ಎರಡೂ ಈಗಿಲ್ಲ. ಬಯಲು ಕುಗ್ಗಿದೆ, ಒತ್ತಡವೆಲ್ಲ ಒಂದೇ ಗುಡ್ಡದ ಮೇಲೆ ಬೀಳುತ್ತಿದೆ. ಜೊತೆಗೆ ರೋಗದ ಪ್ರಶ್ನೆ. ಮೇಲೆ ಹೇಳಿದೆನಲ್ಲ, ಕುರಿ, ಆಡು, ಚಿಂಕಾರ ಒಂದೇ ಬೋವಿಡೇ ಕುಟುಂಬ ಎಂದು. ಕುಟುಂಬ ಒಂದಾದ್ದರಿಂದಲೇ ಆಡಿನ ಪ್ಲೇಗ್ ಎನ್ನುವ ಪಿಪಿಆರ್ ರೋಗ ಇತ್ತಿಂದತ್ತ ದಾಟುತ್ತದೆ. ಮಂಗೋಲಿಯಾದಲ್ಲಿ ಸಾಕಿದ ಕುರಿ, ಆಡುಗಳಿಂದ ಈ ರೋಗ ಸೈಗಾ ಎಂಬ ಹುಲ್ಲೆಗಳಿಗೆ ಹಬ್ಬಿ 2017ರಲ್ಲಿ ಸಾವಿರಾರು ಸತ್ತವು. ಯಡಹಳ್ಳಿಯಷ್ಟು ಚಿಕ್ಕ ನೆಲೆಯಲ್ಲಿ ಹಾಗಾದರೆ ಉಳಿಯುವುದೇನು?

ಹಟ್ಟಿಯವನು
ಪಿಪಿಆರ್ ಬಂದರೆ ಮೊದಲು ಸಾಯುವುದು ನಮ್ಮ ಕುರಿ ಸಾಹೇಬರೇ. ಲಸಿಕೆ ಬೇಡ ಎಂದು ಯಾವ ಕುರಿಗಾಹಿಯೂ ಹೇಳುವುದಿಲ್ಲ. ಹಾಕುವವರು ಹಟ್ಟಿಗೆ ಬರುವ ಹೊತ್ತಿಗೆ ನಾವು ವಲಸೆ ಹೋಗಿರುತ್ತೇವೆ, ಅಷ್ಟೇ.

ಖಾನಾಪುರದ ಕಾಡು
ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ವನ್ಯಜೀವಿ ಕಾಯ್ದೆಯ 33ಎ ಕಲಂ ನೋಡಿ. ಧಾಮದೊಳಗೆ ಮತ್ತು ಅದರ ಐದು ಕಿಲೋಮೀಟರ್ ಸುತ್ತಲಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ಲಸಿಕೆ ಹಾಕಿಸುವ ಹೊಣೆಯನ್ನು ಅದು ಮುಖ್ಯ ವನ್ಯಜೀವಿ ಪರಿಪಾಲಕರ ಮೇಲೆ ಹೊರಿಸುತ್ತದೆ. ಕೇಳಿ ಪಡೆಯಬೇಕಾದ ಹಕ್ಕು ಇದು.

ಬೀಳಗಿ ಮೇಷ್ಟ್ರು
ಬೀಜದುಂಡೆಯ ಯೋಜನೆ ಕೈಬಿಟ್ಟೆವು. ಅದರ ಬದಲು ಮಕ್ಕಳಿಂದ ಈ ಕೆಲಸ ಮಾಡಿಸಬಹುದಲ್ಲವೇ: ಧಾಮದ ಐದು ಕಿಲೋಮೀಟರ್ ಒಳಗಿನ ಹಟ್ಟಿಗಳು ಯಾವುವು, ಅವರು ಯಾವ ತಿಂಗಳು ಊರಿನಲ್ಲಿರುತ್ತಾರೆ ಎಂದು ಕೇಳಿ ಬರೆದು ಪಶು ಆಸ್ಪತ್ರೆಗೆ ಕೊಡುವುದು? ನಮ್ಮ ಶಾಲೆಯಲ್ಲೇ ಅರ್ಧದಷ್ಟು ಮಕ್ಕಳು ಆ ಹಟ್ಟಿಗಳಿಂದ ಬರುವವರು.

ಹಟ್ಟಿಯವನು
ಮಾಡಿಸಿ ಸರ್. ನಮ್ಮ ಕಡೆಯ ಮನೆಗಳ ಮಾಹಿತಿ ನಾನೇ ಕೂಡಿಸಿ ಕೊಡುತ್ತೇನೆ. ಮಳೆ ಬಿದ್ದ ಮೇಲೆ ಎಲ್ಲರೂ ಊರಿಗೆ ಮರಳುತ್ತಾರೆ, ಆಗ ಲಸಿಕೆಯವರು ಬಂದರೆ ಒಂದು ಕುರಿಯೂ ತಪ್ಪುವುದಿಲ್ಲ.

ಇಂಡಿಯ ರೈತ
ಮೇಷ್ಟ್ರೇ, ಸಂಗ್ರಹಿಸಿದ ಗಂಧದ ಬೀಜ ವ್ಯರ್ಥ ಮಾಡಬೇಡಿ, ಹಳೆಯದಾದಷ್ಟೂ ಮೊಳಕೆ ಕಡಿಮೆ. ಶಾಲೆಯ ಕಾಂಪೌಂಡಿನೊಳಗೆ ಪಾತಿ ಮಾಡಿ ಹಾಕಿ, ಪಕ್ಕದಲ್ಲಿ ತೊಗರಿ ಮರೆಯಬೇಡಿ. ಸಸಿಯಾದ ಮೇಲೆ ಮಕ್ಕಳು ತಮ್ಮ ತಮ್ಮ ಹೊಲದ ಬದುವಿಗೆ ಒಯ್ಯಲಿ. ಪಹಣಿಯಲ್ಲಿ ಬರೆಸುವುದನ್ನೂ ಹೇಳಿಕೊಡಿ.